ಏರಿನಲ್ಲಿ ಕೇಳುವ ಆ ಕಟಕಟ ಸದ್ದು

(ಚಿಕ್ಕಬಳ್ಳಾಪುರದಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು ಮತ್ತು ಗ್ಯಾರೇಜು ಕೆಲಸ ಕಲಿಯುತ್ತಿರುವ ಹುಡುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನನಗೆ ಪರಿಚಯದವರು. ಕೆಲವರ ಹೆಸರು ಮರೆತಿರಬಹುದು, ಗಾಡಿ ಮರೆತಿಲ್ಲ. ಹೂವಿನ ಮೂಟೆ ಹೊರುವ ಓಮ್ನಿಗಳು, ಮಕ್ಕಳನ್ನು ಸ್ಕೂಲಿಗೆ ಬಿಡುವ ಮಾರುತಿ 800ಗಳು, ಅಪ್ಪನ ಕಾಲದ್ದು ಅಂತ ಮಾರದೆ ಉಳಿಸಿಕೊಂಡ ಒಂದೆರಡು ಪ್ರೀಮಿಯರ್ ಪದ್ಮಿನಿ. ಹೊಸ ಗಾಡಿ ತಗೊಳ್ಳಿ ಅಂತ ಹೇಳೋಕೆ ನಾನು ಬಂದಿಲ್ಲ. ಇರುವ ಗಾಡಿಯನ್ನು ಚೆನ್ನಾಗಿ ಇಟ್ಟುಕೊಳ್ಳುವ ಮಾತು ಇವತ್ತಿನದು. ಅದರಲ್ಲೂ ಒಂದೇ ಒಂದು ಸದ್ದಿನ ಬಗ್ಗೆ ಮಾತಾಡುತ್ತೇನೆ.

ನಂದಿ ಊರು ದಾಟಿ ಬೆಟ್ಟದ ದಾರಿ ಹಿಡಿದಿದ್ದೀರಿ ಅಂದುಕೊಳ್ಳಿ. ಗಾಡಿಯಲ್ಲಿ ಐದಾರು ಜನ. ಗೇರು ಇಳಿಸೋದು ಯಾಕೆ, ಮೂರರಲ್ಲೇ ಎಳೆಯಲಿ ಅಂತ ಆಕ್ಸಿಲರೇಟರ್ ಒತ್ತುತ್ತೀರಿ. ಆಗ ಸೀಟಿನ ಕೆಳಗಿಂದ ಒಂದು ಸದ್ದು ಬರುತ್ತದೆ. ತಗಡಿನ ಮೊರದಲ್ಲಿ ಒಣಗಿದ ಅವರೆಕಾಳು ಹಾಕಿ ಕೇರಿದ ಹಾಗೆ. ಕಾಲು ತೆಗೆದರೆ ನಿಲ್ಲುತ್ತದೆ. ಎರಡನೇ ಗೇರಿಗೆ ಬಂದರೆ ಕಮ್ಮಿಯಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಬರುವುದೇ ಇಲ್ಲ. ಪುಸ್ತಕದಲ್ಲಿ ಇದನ್ನು ಪಿಂಗಿಂಗ್ ಅಂತ ಬರೆದಿರುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ನಾಕಿಂಗ್ ಅನ್ನುತ್ತೇವೆ.

ಇಂಜಿನ್ನಿನಲ್ಲಿ ಬರುವ ಕಟಕಟ ಎಲ್ಲ ನಾಕಿಂಗ್ ಅಲ್ಲ. ವಾಲ್ವ್ ತೆರೆಯುವ ಟ್ಯಾಪೆಟ್ಟಿನ ಸದ್ದು ಗಾಡಿ ನಿಂತಿದ್ದಾಗಲೂ ಇರುತ್ತದೆ, ರೇಸ್ ಕೊಟ್ಟಷ್ಟೂ ಬೇಗ ಬೇಗ ಬಡಿಯುತ್ತದೆ, ಲೋಡಿಗೂ ಅದಕ್ಕೂ ಸಂಬಂಧವಿಲ್ಲ. ಪಿಸ್ಟನ್ ಸವೆದು ಬೋರಿಗೆ ಬಡಿಯುವ ಸದ್ದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರಾಗಿರುತ್ತದೆ, ಬಿಸಿಯಾದ ಮೇಲೆ ಇಳಿಯುತ್ತದೆ. ಬೇರಿಂಗ್ ಹೋದರೆ ಸದ್ದು ಆಳದಿಂದ ದಡದಡ ಅಂತ ಬರುತ್ತದೆ, ಅದನ್ನು ಕೇಳಿದರೆ ಗಾಡಿ ಅಲ್ಲೇ ನಿಲ್ಲಿಸಬೇಕು. ನಾಕಿಂಗ್ ಮಾತ್ರ ಇಂಜಿನ್ ಬಿಸಿಯಾಗಿದ್ದು, ಭಾರ ಎಳೆಯುವಾಗ ಬರುತ್ತದೆ. ಹಾಗಾಗಿ ನನ್ನ ಹತ್ತಿರ ಬಂದವರಿಗೆ ನಾನು ಮೊದಲು ಕೇಳುವುದು "ಏನು ಸದ್ದು" ಅಂತ ಅಲ್ಲ. "ಯಾವಾಗ ಬರುತ್ತೆ?" ಅಂತ. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಒಳಗೆ ಏನಾಗುತ್ತಿದೆ ಅಂತ ನೋಡೋಣ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದವರಿಗೆ ಗೊತ್ತು, ಪಂಪಿನ ಬುಡ ಕೈ ಸುಡುವಷ್ಟು ಬಿಸಿಯಾಗುತ್ತದೆ. ಗಾಳಿಯನ್ನು ಹಿಂಡಿದರೆ ಬಿಸಿಯಾಗುತ್ತದೆ, ಅಷ್ಟೇ. ಸಿಲಿಂಡರಿನಲ್ಲೂ ಅದೇ ನಡೆಯುವುದು. ಪಿಸ್ಟನ್ ಮೇಲೆ ಬರುತ್ತಾ ಗಾಳಿ–ಪೆಟ್ರೋಲನ್ನು ಹಿಂಡುತ್ತದೆ. ಅದು ಪೂರ್ತಿ ಮೇಲೆ ಬರುವುದಕ್ಕೆ ಸ್ವಲ್ಪ ಮೊದಲೇ ಪ್ಲಗ್ ಕಿಡಿ ಹಾರಿಸುತ್ತದೆ. ಮೊದಲೇ ಯಾಕೆ? ಬೆಂಕಿ ಹರಡೋಕೆ ಸಮಯ ಬೇಕು. 3000 ಸುತ್ತಿನಲ್ಲಿ ಓಡುವ ಇಂಜಿನ್ ಒಂದು ಸುತ್ತು ಮುಗಿಸುವುದು ಸೆಕೆಂಡಿನ 50ರಲ್ಲಿ ಒಂದು ಭಾಗದಲ್ಲಿ. 30 ಡಿಗ್ರಿ ಮೊದಲು ಕಿಡಿ ಬಿದ್ದರೆ, ಬೆಂಕಿಗೆ ಸಿಗುವ ಮುಂಗಡ ಸುಮಾರು 1.7 ಮಿಲಿ ಸೆಕೆಂಡ್. ಆ ಚಿಟಿಕೆ ಹೊತ್ತಿನಲ್ಲಿ ಉರಿ ಪ್ಲಗ್ಗಿನ ಹತ್ತಿರದಿಂದ ಶುರುವಾಗಿ, ರಾಗಿ ಹುಲ್ಲಿಗೆ ಒಂದು ಕೊನೆಯಲ್ಲಿ ಬೆಂಕಿ ಬಿದ್ದಾಗ ಹಬ್ಬುವ ಹಾಗೆ, ಸಾಲಾಗಿ ಮುಂದೆ ಹೋಗಬೇಕು. ಹಾಗೆ ಹೋದರೆ ಪಿಸ್ಟನ್ನಿಗೆ ಸಿಗುವುದು ಗಟ್ಟಿಯಾದ, ನಿಧಾನವಾದ ತಳ್ಳು.

ಈಗ ಇನ್ನೊಂದು ಕೊನೆ ನೋಡಿ. ಉರಿ ಇನ್ನೂ ಅಲ್ಲಿಗೆ ತಲುಪಿಲ್ಲ. ಆದರೆ ಉರಿದ ಗಾಳಿ ಹಿಗ್ಗಿ, ಉಳಿದ ಪೆಟ್ರೋಲ್ ಗಾಳಿಯನ್ನು ಮೂಲೆಗೆ ಒತ್ತಿ ಇನ್ನಷ್ಟು ಬಿಸಿ ಮಾಡುತ್ತಿದೆ. ಆ ಬಿಸಿ ಮಿತಿ ಮೀರಿದರೆ ಮೂಲೆಯಲ್ಲಿರುವುದು ತಾನಾಗಿಯೇ, ಎಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಆ ಏಟಿಗೆ ಒತ್ತಡದ ಅಲೆ ಎದ್ದು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ನೀವು ಕೇಳುವ ಕಟಕಟ ಅದು. ಒಳಗೆ ಯಾವ ಭಾಗವೂ ಸಡಿಲವಾಗಿಲ್ಲ, ಒಂದಕ್ಕೊಂದು ಬಡಿಯುತ್ತಲೂ ಇಲ್ಲ. ಕಬ್ಬಿಣಕ್ಕೆ ಬಡಿಯುತ್ತಿರುವುದು ಗಾಳಿ.

ಗಾಳಿ ತಾನೇ ಅಂತ ಬಿಡುವ ಹಾಗಿಲ್ಲ. ಸಿಲಿಂಡರಿನಲ್ಲಿ ಉರಿಯುವ ಗಾಳಿಯ ಬಿಸಿ 2000 ಡಿಗ್ರಿ ದಾಟುತ್ತದೆ. ಪಿಸ್ಟನ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಆದರೂ ಕರಗುವುದಿಲ್ಲ, ಯಾಕೆಂದರೆ ಲೋಹಕ್ಕೆ ಅಂಟಿಕೊಂಡ ಹಾಗೆ ತಣ್ಣನೆಯ ಗಾಳಿಯ ತೆಳ್ಳನೆ ಪದರ ಒಂದಿರುತ್ತದೆ. ಒಳಗಿನ ನೀರು, ಆಯಿಲ್ ಕೂಡ ಬಿಸಿಯನ್ನು ಹೊತ್ತು ಹೋಗುತ್ತಿರುತ್ತವೆ. ನಾಕಿಂಗ್ ಅಲೆ ಆ ತೆಳ್ಳನೆ ಪದರವನ್ನು ಒರೆಸಿ ಹಾಕುತ್ತದೆ. ಬಿಸಿ ನೇರವಾಗಿ ಲೋಹಕ್ಕೆ ತಾಗುತ್ತದೆ. ಪಿಸ್ಟನ್ ತಲೆಯ ಮೇಲೆ ಇರುವೆ ಕೊರೆದಂತೆ ಗುಳಿಗಳು ಬೀಳುತ್ತವೆ. ರಿಂಗ್ ಕೂರುವ ಜಾಗ ಒಡೆಯುತ್ತದೆ. ಸಿಲಿಂಡರಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಏರಿನಲ್ಲಿ ಒಂದು ಕ್ಷಣ ಟಿಣ್ ಅಂದು ನಿಂತರೆ ಹೆದರಬೇಕಿಲ್ಲ. ಹತ್ತುವಷ್ಟು ಹೊತ್ತೂ ಬರುತ್ತಿದ್ದರೆ, ಅದನ್ನು ಕೇಳಿಯೂ ಓಡಿಸುತ್ತಿದ್ದರೆ, ಇಂಜಿನ್ ಸವೆಯುತ್ತಿದೆ ಅಂತಲೇ ಅರ್ಥ.

ಈಗ ಎಲ್ಲರೂ ಹೇಳುವ ಕಾರಣಕ್ಕೆ ಬರೋಣ. "ಪೆಟ್ರೋಲ್ ಸರಿ ಇಲ್ಲ ಅಣ್ಣ." ಹತ್ತು ಜನದಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ. ಹಿಂದೆ ಇದರಲ್ಲಿ ಸತ್ಯ ಇತ್ತು. ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್. ಆ ತಡೆ ಹೆಚ್ಚಿಸೋಕೆ 1920ರ ದಶಕದಿಂದ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಸೀಸ ವಿಷ. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ಆ ಕಾಲದ ಸಾಮಾನ್ಯ ಪೆಟ್ರೋಲ್ 87–88 ಆಕ್ಟೇನಿನದು. ಆಮೇಲೆ 91 ಬಂತು. ಈಗ ಬಂಕಿನಲ್ಲಿ ಸಿಗುವ, 20 ಪರ್ಸೆಂಟ್ ಎಥನಾಲ್ ಬೆರೆತ ಇ20 ಪೆಟ್ರೋಲ್ 95.

ಸ್ವಲ್ಪ ಯೋಚನೆ ಮಾಡಿ. ನಿಮ್ಮ ಓಮ್ನಿ ತಯಾರಾದಾಗ ಅದಕ್ಕೆ 87–88 ಸಾಕಾಗಿತ್ತು. ಇವತ್ತು ಅದೇ ಗಾಡಿ 95 ಕುಡಿದೂ ಕಟಕಟ ಅನ್ನುತ್ತಿದೆ. ಹಾಗಾದರೆ ಬದಲಾಗಿರುವುದು ಗಾಡಿಯ ಒಳಗೆ ಅಲ್ವಾ? ಅದಕ್ಕೇ ಆಕ್ಟೇನ್ ಬೂಸ್ಟರ್ ಬಾಟಲಿಗೆ ದುಡ್ಡು ಹಾಕಬೇಡಿ ಅನ್ನುತ್ತೇನೆ. ಅದು ಸದ್ದನ್ನು ಒಂದು ಟ್ಯಾಂಕ್ ಮುಗಿಯುವ ತನಕ ಮುಚ್ಚುತ್ತದೆ. ಕಾರಣ ಅಲ್ಲೇ ಇರುತ್ತದೆ.

ಕಲಬೆರಕೆ ಬೇರೆ ಮಾತು. ಸೀಮೆಎಣ್ಣೆಯ ಆಕ್ಟೇನ್ ತೀರಾ ಕಮ್ಮಿ, ಸ್ವಲ್ಪ ಬೆರೆತರೂ ನಾಕಿಂಗ್ ಬರುತ್ತದೆ. ಒಂದು ಸಲ ಪೆಟ್ರೋಲ್ ಹಾಕಿಸಿದ ತಕ್ಷಣ ಸದ್ದು ಶುರುವಾಗಿ, ಟ್ಯಾಂಕ್ ಖಾಲಿಯಾಗಿ ಬೇರೆ ಕಡೆ ತುಂಬಿಸಿದ ಮೇಲೆ ನಿಂತರೆ ಅನುಮಾನ ಪಡಬಹುದು. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳುವ ಹಕ್ಕು ನಿಮಗಿದೆ. ನಾಝಲ್ ತುದಿ ಒರೆಸಿ ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಕಲೆ ಇಲ್ಲದೆ ಆರಬೇಕು. ಹಾಗೇ ಆರು ತಿಂಗಳು ಶೆಡ್ಡಿನಲ್ಲಿ ನಿಂತ ಗಾಡಿಯ ಹಳೆಯ ಪೆಟ್ರೋಲನ್ನು ನಂಬಬೇಡಿ.

ಈಗ ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳಬೇಕು. ಇವತ್ತಿನ ಮಾತಿಗೆಲ್ಲ ಅದೇ ಮೂಲ.

ಸುಮಾರು ಹದಿನೈದು ವರ್ಷದ ಹಿಂದೆ. ಸೇವಂತಿಗೆ ಬೆಳೆಯುವ ಯಜಮಾನರೊಬ್ಬರು ತಮ್ಮ ಓಮ್ನಿ ತಂದರು. ಕಾರ್ಬೊರೇಟರ್ ಗಾಡಿ, ಅಂದರೆ ಸೆನ್ಸರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾಲದ್ದು. ಬೆಳಗಿನ ಜಾವ ಮೂರಕ್ಕೆ ಹೂವು ತುಂಬಿಕೊಂಡು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುವ ಗಾಡಿ. "ಏರಲ್ಲಿ ಕಟಕಟ ಅಂತದಪ್ಪ, ಸ್ವಲ್ಪ ನೋಡು" ಅಂದರು. ನಾನು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅಂದರೆ ನಾವು ಡೆಲ್ಕೋ ಅನ್ನುವುದು, ಅದರ ಬೋಲ್ಟ್ ಸಡಿಲ ಮಾಡಿ ಟೈಮಿಂಗ್ ಸ್ವಲ್ಪ ಹಿಂದಕ್ಕೆ, ಅಂದರೆ ಕಿಡಿ ತಡವಾಗಿ ಬೀಳುವ ಹಾಗೆ, ತಿರುಗಿಸಿದೆ. ಹತ್ತು ನಿಮಿಷದ ಕೆಲಸ. ಸದ್ದು ನಿಂತಿತು. ಅವರಿಗೂ ಖುಷಿ, ನನಗೂ ಖುಷಿ.

ಎರಡು ತಿಂಗಳಿಗೆ ಅದೇ ಓಮ್ನಿ ಹಗ್ಗ ಕಟ್ಟಿಸಿಕೊಂಡು ಬಂತು. ದೇವನಹಳ್ಳಿ ಹತ್ತಿರ ಹೊಗೆ ಎದ್ದು ನಿಂತಿತ್ತಂತೆ. ಆ ದಿನದ ಹೂವೆಲ್ಲ ಹಾಳು. ಬಿಚ್ಚಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಹೆಡ್ ಸೊಟ್ಟಗಾಗಿದೆ. ರೇಡಿಯೇಟರ್ ಬಿಚ್ಚಿ ನೋಡಿದೆ. ಒಳಗಿನ ಕೊಳವೆಗಳು ಅರ್ಧಕ್ಕಿಂತ ಜಾಸ್ತಿ ಕಟ್ಟಿಕೊಂಡಿದ್ದವು. ಬಿಳಿ ಬಿಳಿ ಗಾರೆ. ನಿಮ್ಮ ಮನೆಯ ನೀರು ಕಾಯಿಸುವ ಕಾಯಿಲ್ ಮೇಲೆ ಕೂರುತ್ತದಲ್ಲ, ಅದೇ.

ಬೋರ್‌ವೆಲ್ ನೀರು. ನಮ್ಮ ಜಿಲ್ಲೆಯಲ್ಲಿ, ಪಕ್ಕದ ಕೋಲಾರದಲ್ಲಿ, ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದಿಂದ ಬರುವ ನೀರಿನಲ್ಲಿ ಲವಣ ತುಂಬಿರುತ್ತದೆ. ಫ್ಲೋರೈಡಿನ ಕಷ್ಟ ನಮಗೆ ಗೊತ್ತಿರುವುದೇ. ಮನುಷ್ಯರು ಕುಡಿಯೋಕೆ ಹೆದರುವ ನೀರನ್ನು ರೇಡಿಯೇಟರಿಗೆ ಮಾತ್ರ ಸುಮ್ನೆ ಸುರಿಯುತ್ತೇವೆ. ತೋಟದಲ್ಲಿ ಮೋಟಾರ್ ಓಡುತ್ತಿರುತ್ತದೆ, ಒಂದು ಬಿಂದಿಗೆ ಹಿಡಿದು ಹಾಕುತ್ತೇವೆ. ನೀರು ಬಿಸಿಯಾದಾಗ ಸುಣ್ಣ ಲೋಹಕ್ಕೆ ಅಂಟುತ್ತದೆ. ಹೆಡ್ಡಿನೊಳಗೆ, ಉರಿಯುವ ಜಾಗದ ಹಿಂಬದಿಯಲ್ಲೇ, ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. ಬಿಸಿ ಹೊರಗೆ ಹೋಗುವುದಿಲ್ಲ. ಸಿಲಿಂಡರ್ ಗೋಡೆ ಬಿಸಿ, ಒಳಗೆ ಬರುವ ಗಾಳಿಯೂ ಬಿಸಿ. ಮೂಲೆಯ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಇನ್ನೇನು ಮಾಡುತ್ತದೆ?

ಯಜಮಾನರ ಗಾಡಿ ಸದ್ದು ಮಾಡಿ ಇದನ್ನೇ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ. ಅಷ್ಟೇ ಅಲ್ಲ, ಟೈಮಿಂಗ್ ಹಿಂದಕ್ಕೆ ಇಟ್ಟರೆ ಬೆಂಕಿ ತಡವಾಗಿ ಉರಿಯುತ್ತದೆ, ಆ ಬಿಸಿ ಎಕ್ಸಾಸ್ಟ್ ವಾಲ್ವಿಗೂ ನೀರಿಗೂ ಹೋಗುತ್ತದೆ. ಮೊದಲೇ ಕಾಯುತ್ತಿದ್ದ ಇಂಜಿನ್ನನ್ನು ನಾನು ಇನ್ನಷ್ಟು ಕಾಯಿಸಿದೆ. ಅವರ ಹೂವಿನ ನಷ್ಟಕ್ಕೆ ನನ್ನ ಕೈಯೂ ಕಾರಣ. ಅವತ್ತಿನಿಂದ ನಾನು ನಾಕಿಂಗ್ ಗಾಡಿ ಬಂದರೆ ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ, ರೇಡಿಯೇಟರ್ ಮುಚ್ಚಳ ಮುಟ್ಟುತ್ತೇನೆ. ಇಂಜಿನ್ ತಣ್ಣಗಿದ್ದಾಗ ಮಾತ್ರ. ಬಿಸಿಯಿದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಮುಚ್ಚಳ ತೆಗೆದು ಬೆರಳು ಹಾಕಿ ನೋಡಿ. ನೀರು ಹಸಿರೋ ಕೆಂಪೋ ಇದ್ದು ತಿಳಿಯಾಗಿದ್ದರೆ ಕೂಲಂಟ್ ಇದೆ. ಕಂದು ರಾಡಿ ಇದ್ದರೆ ತುಕ್ಕು. ಬಾಯಿಯ ಸುತ್ತ ಬಿಳಿ ಪುಡಿ ಇದ್ದರೆ ಒಳಗೆಲ್ಲ ಅದೇ ಇದೆ. ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನ್ ಓಡುತ್ತಿಲ್ಲ ಅಂತ ನೋಡಿಕೊಂಡು, ರೇಡಿಯೇಟರಿನ ಮುಖದ ಮೇಲೆ ಹುಷಾರಾಗಿ ಅಂಗೈ ಆಡಿಸಿ. ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗಿದ್ದರೆ ತಣ್ಣಗಿರುವ ಕಡೆ ನೀರು ಓಡುತ್ತಿಲ್ಲ. ಸ್ವಲ್ಪ ಕಟ್ಟಿದ್ದರೆ ರೇಡಿಯೇಟರ್ ಫ್ಲಶ್ ಹಾಕಿ ತೊಳೆಯಬಹುದು. ತುಂಬಾ ಕಟ್ಟಿದ್ದರೆ ರೇಡಿಯೇಟರ್ ಕೆಲಸದವರ ಹತ್ತಿರ ಬಿಚ್ಚಿ ಕೊಳವೆಗಳಿಗೆ ರಾಡ್ ಹಾಕಿಸಬೇಕು, ಅಥವಾ ಬದಲಾಯಿಸಬೇಕು. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹಾಕಬೇಡಿ. ಹೆಡ್ ಅಲ್ಯೂಮಿನಿಯಂದು, ಆ್ಯಸಿಡ್ ಅದನ್ನು ತಿನ್ನುತ್ತದೆ.

ಆಮೇಲೆ ಏನು ತುಂಬಿಸಬೇಕು? ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್. ಕೂಲಂಟ್ ಡಬ್ಬಿಯ ಮೇಲೆ ಎಷ್ಟಕ್ಕೆ ಎಷ್ಟು ಅಂತ ಬರೆದಿರುತ್ತದೆ. ದಾರಿಯಲ್ಲಿ ಅನಿವಾರ್ಯವಾದರೆ ಊರಿನ ಶುದ್ಧ ನೀರಿನ ಘಟಕದ ನೀರು ಹಾಕಿ, ಇಲ್ಲ ಹಿಡಿದಿಟ್ಟ ಮಳೆ ನೀರು ಹಾಕಿ. ಬೋರ್ ನೀರು ಬೇಡವೇ ಬೇಡ.

ಇನ್ನೊಂದು ಮಾತು. ಗಾಡಿ ಕಾಯುತ್ತದೆ ಅಂತ ಥರ್ಮೋಸ್ಟಾಟ್ ಕಿತ್ತು ಹಾಕುವ ರೂಢಿ ನಮ್ಮ ಕಡೆ ಜಾಸ್ತಿ ಇದೆ. ಮಾಡಬೇಡಿ. ಸುಮಾರು 82 ಡಿಗ್ರಿಗೆ ತೆರೆಯುವ ಆ ಸಣ್ಣ ವಾಲ್ವ್ ಇಲ್ಲದಿದ್ದರೆ, ನವೆಂಬರ್–ಡಿಸೆಂಬರಿನ ನಮ್ಮ ಚಳಿಯಲ್ಲಿ ಇಂಜಿನ್ ಬಿಸಿಯಾಗುವುದೇ ಇಲ್ಲ. ಪೆಟ್ರೋಲ್ ಸರಿಯಾಗಿ ಉರಿಯದೆ ಕಾರ್ಬನ್ ಕಟ್ಟುತ್ತದೆ. ಆ ಕಾರ್ಬನ್ ಬೇಸಿಗೆಯಲ್ಲಿ ನಾಕಿಂಗ್ ತರುತ್ತದೆ.

ನೀರು ಸರಿ ಇದೆ ಅಂತಾದ ಮೇಲೆ ಟೈಮಿಂಗ್‌ಗೆ ಬರಬೇಕು. ಡೆಲ್ಕೋ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್ ಇರುವ ಗಾಡಿಯಲ್ಲಿ ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಪ್ಪಿದರೆ ಎರಡೂ ತಪ್ಪುತ್ತವೆ. ಗ್ಯಾಪ್ ಜಾಸ್ತಿ ಇಟ್ಟರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಬೇಗ ಬೀಳುತ್ತದೆ, ಯಾರೂ ಡೆಲ್ಕೋ ಮುಟ್ಟದಿದ್ದರೂ ಟೈಮಿಂಗ್ ಮುಂದೆ ಹೋಗಿರುತ್ತದೆ. ಎಷ್ಟು ಗ್ಯಾಪ್, ಎಷ್ಟು ಡಿಗ್ರಿ ಅಂತ ನಿಮ್ಮ ಗಾಡಿಯ ಪುಸ್ತಕದಲ್ಲಿದೆ. ನನ್ನ ಬಾಯಿಂದ ಒಂದು ನಂಬರ್ ಕೇಳಿಕೊಂಡು ಎಲ್ಲ ಗಾಡಿಗೂ ಹಾಕಬೇಡಿ.

ಕೆಲಸ ಕಲಿಯುವ ಹುಡುಗರಿಗೆ ಹೇಳುತ್ತೇನೆ. ಕಿವಿಯಲ್ಲಿ ಟೈಮಿಂಗ್ ಇಡೋದನ್ನು ದೊಡ್ಡ ವಿದ್ಯೆ ಅಂತ ತಿಳಿಯಬೇಡಿ. ನಾನೂ ವರ್ಷಗಟ್ಟಲೆ ಹಾಗೇ ಇಟ್ಟವನು. ಟೈಮಿಂಗ್ ಲೈಟ್ ತಗೊಳ್ಳಿ. ಇಂಜಿನ್ ಬಿಸಿ ಮಾಡಿ, ಐಡ್ಲಿಂಗ್ ಸರಿಮಾಡಿ, ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿ, ಒಂದನೇ ಸಿಲಿಂಡರಿನ ವೈರಿಗೆ ಲೈಟ್ ಹಾಕಿ ಗುರುತು ನೋಡಿ. ಗುರುತು ಕೆಲವು ಗಾಡಿಯಲ್ಲಿ ಪುಲ್ಲಿಯ ಮೇಲೆ, ಕೆಲವುದರಲ್ಲಿ ಫ್ಲೈವೀಲ್ ಮೇಲೆ ಇರುತ್ತದೆ. ಡೆಲ್ಕೋ ಒಳಗೆ ಸುತ್ತುವ ರೋಟರ್ ತಿರುಗುವ ದಿಕ್ಕಿಗೇ ಡೆಲ್ಕೋ ತಿರುಗಿಸಿದರೆ ಟೈಮಿಂಗ್ ಹಿಂದೆ ಹೋಗುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ಮುಂದೆ ಬರುತ್ತದೆ. ಐಡ್ಲಿಂಗಿನಲ್ಲಿ ಸರಿ ಇದೆ ಅಂತ ಬಿಡಬೇಡಿ. ನಿಧಾನವಾಗಿ ರೇಸ್ ಕೊಡುತ್ತಾ ಗುರುತು ನೋಡಿ. ಅದು ಸಾವಕಾಶವಾಗಿ ಸರಿಯಬೇಕು. ಸ್ವಲ್ಪ ರೇಸಿಗೇ ದಡಕ್ಕನೆ ಹಾರಿದರೆ, ರೇಸ್ ಹೆಚ್ಚಿದಂತೆ ಟೈಮಿಂಗ್ ಮುಂದೆ ತಳ್ಳುವ ಡೆಲ್ಕೋ ಒಳಗಿನ ತೂಕಗಳ ಸ್ಪ್ರಿಂಗ್ ಸೋತಿದೆ ಅಂತ ಅರ್ಥ. ಇಪ್ಪತ್ತು–ಇಪ್ಪತ್ತೈದು ವರ್ಷದ ಗಾಡಿಯಲ್ಲಿ ಸ್ಪ್ರಿಂಗ್ ಸೋಲುವುದು ಸಹಜ. ಇದನ್ನು ತುಂಬಾ ಜನ ನೋಡುವುದೇ ಇಲ್ಲ.

ಗ್ಯಾಸ್ ಕಿಟ್ ಹಾಕಿಸಿರುವ ಓಮ್ನಿಯವರು ಇದನ್ನು ನೆನಪಿಡಿ. ಎಲ್‌ಪಿಜಿಯ ಆಕ್ಟೇನ್ ಪೆಟ್ರೋಲಿಗಿಂತ ಜಾಸ್ತಿ. ಗ್ಯಾಸಿನಲ್ಲಿ ಪಿಕಪ್ ಬರಲಿ ಅಂತ ಕೆಲವರು ಟೈಮಿಂಗ್ ಮುಂದಿಡುತ್ತಾರೆ. ಗ್ಯಾಸಿನಲ್ಲಿ ಚೆನ್ನಾಗಿ ಓಡುತ್ತದೆ. ಗ್ಯಾಸ್ ಮುಗಿದು ಪೆಟ್ರೋಲಿಗೆ ಹಾಕಿದ ಕೂಡಲೇ ಕಟಕಟ. ಗ್ಯಾಸಿನಲ್ಲಿ ಸದ್ದಿಲ್ಲ, ಪೆಟ್ರೋಲಿನಲ್ಲಿ ಮಾತ್ರ ಇದೆ ಅಂದರೆ ಬೇರೆ ಎಲ್ಲೂ ಹುಡುಕುವುದಕ್ಕೆ ಮೊದಲು ಟೈಮಿಂಗ್ ನೋಡಿ.

ಮೂರನೆಯದು ಗಾಳಿ–ಪೆಟ್ರೋಲಿನ ಲೆಕ್ಕ. ಇಲ್ಲಿ ಇ20ಗೆ ಇನ್ನೊಂದು ಮುಖ ಇದೆ. ಆಕ್ಟೇನ್ ಜಾಸ್ತಿಯಾಯಿತು, ಸರಿ. ಆದರೆ ಎಥನಾಲ್ ಒಳಗೇ ಆಮ್ಲಜನಕ ಇದೆ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಎಂಪಿಎಫ್‌ಐ ಅಂದರೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಗಾಡಿಯಲ್ಲಿ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಹೆಚ್ಚಿಸುತ್ತದೆ. ಕಾರ್ಬೊರೇಟರಿಗೆ ಅದು ಗೊತ್ತಾಗುವುದಿಲ್ಲ. ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಹಾಗಾಗಿ ಹಳೆಯ ಗಾಡಿಯಲ್ಲಿ ಮಿಕ್ಸ್ಚರ್ ಏಳೆಂಟು ಪರ್ಸೆಂಟ್ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಮೊದಲೇ ಲೀನ್ ಇದ್ದ ಗಾಡಿ ಇನ್ನೂ ಲೀನ್ ಆದರೆ ಏರಿನಲ್ಲಿ ಬಿಸಿ ಏರುತ್ತದೆ. ಇದರ ಜೊತೆ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಕಸವನ್ನು ಎಬ್ಬಿಸುತ್ತದೆ, ಫಿಲ್ಟರ್ ಕಟ್ಟುತ್ತದೆ.

ಆದ್ದರಿಂದ ಪೆಟ್ರೋಲ್ ಫಿಲ್ಟರ್ ಬದಲಾಯಿಸಿ. ಪೈಪುಗಳನ್ನು ಎಥನಾಲ್ ತಡೆಯುವ ಪೈಪುಗಳಿಗೆ ಬದಲಾಯಿಸಿ. ಕಾರ್ಬೊರೇಟರ್ ಬಿಚ್ಚಿ ಜೆಟ್ ತೊಳೆಯಿರಿ, ತಂತಿ ಹಾಕಿ ಚುಚ್ಚಬೇಡಿ, ಗಾಳಿ ಹೊಡೆಯಿರಿ. ಫ್ಲೋಟ್ ಮಟ್ಟ ನೋಡಿ. ಆಮೇಲೆ ಕಾರ್ಬೊರೇಟರಿನ ಕೆಳಗೆ ಕಳ್ಳಗಾಳಿ ಎಳೆಯುತ್ತಿದೆಯಾ ಅಂತ ಹುಡುಕಿ. ಒಂದು ಮಾರುದ್ದ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ ಇಟ್ಟು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಸುತ್ತ ಆಡಿಸಿದರೆ, ಸೋರುವ ಜಾಗದಲ್ಲಿ ಸುಯ್ಯ್ ಅನ್ನುವುದು ಕೇಳುತ್ತದೆ. ಪೆಟ್ರೋಲ್ ಚಿಮುಕಿಸಿ ಹುಡುಕುವವರಿದ್ದಾರೆ. ಓಮ್ನಿಯಲ್ಲಿ ಇಂಜಿನ್ ಸೀಟಿನ ಕೆಳಗೇ ಇರುವುದು, ಬೆಂಕಿ ಹತ್ತಿದರೆ ಓಡೋಕೂ ಸಮಯ ಸಿಗಲ್ಲ. ದಯವಿಟ್ಟು ಆ ಕೆಲಸ ಮಾಡಬೇಡಿ.

ಇದೆಲ್ಲ ಸರಿ ಇದ್ದೂ ಸದ್ದು ಬರುತ್ತಿದೆ ಅಂದರೆ ಹೆಡ್ಡಿನ ಒಳಗೆ ನೋಡಬೇಕು. ಹಳೆಯ ಇಂಜಿನ್ನಿನಲ್ಲಿ ವಾಲ್ವ್ ಸೀಲ್, ರಿಂಗ್ ಸವೆದು ಆಯಿಲ್ ಮೇಲೆ ಬರುತ್ತದೆ. ನೀಲಿ ಹೊಗೆ ಅದರ ಗುರುತು. ಆಯಿಲ್ ಉರಿದು ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಆಗಿ ಕೂರುತ್ತದೆ. ಕಾರ್ಬನ್ ಜಾಗ ತಿನ್ನುತ್ತದೆ, ಕಂಪ್ರೆಷನ್, ಅಂದರೆ ಗಾಳಿಯನ್ನು ಹಿಂಡುವ ಪ್ರಮಾಣ, ಹೆಚ್ಚುತ್ತದೆ. ಅದರ ಚೂಪು ತುದಿಗಳು ಕೆಂಡದ ಹಾಗೆ ಕಾದು ಪ್ಲಗ್ಗಿಗಿಂತ ಮೊದಲೇ ಬೆಂಕಿ ಹತ್ತಿಸಬಹುದು. ಇಂಜಿನ್ ಆಫ್ ಮಾಡಿದ ಮೇಲೂ ಗಾಡಿ ಕೊಸಕೊಸ ಅಂತ ಓಡುತ್ತಿದ್ದರೆ ಇದೇ ಕಾರಣ ಇರಬಹುದು. ಕಂಪ್ರೆಷನ್ ಗೇಜ್ ಹಾಕಿದಾಗ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ತೋರಿಸಿದರೆ ಖುಷಿಪಡಬೇಡಿ, ಹಳೆಯ ಇಂಜಿನ್ ಗಟ್ಟಿಯಾಗುವುದಿಲ್ಲ. ಅದು ಕಾರ್ಬನ್.

ಕಾರ್ಬೊರೇಟರಿಗೆ ನೀರು ಸುರಿದು ಕಾರ್ಬನ್ ಕೀಳುವ ಹಳೇ ಉಪಾಯ ಒಂದಿದೆ. ನೀರು ಸ್ವಲ್ಪ ಜಾಸ್ತಿ ಹೋದರೂ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಯಾಕೆಂದರೆ ನೀರನ್ನು ಹಿಂಡೋಕೆ ಆಗಲ್ಲ. ಹೆಡ್ ಇಳಿಸಿ ಕೈಯಲ್ಲಿ ತೆಗೆಯುವುದೇ ನನ್ನ ದಾರಿ. ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಚಕ್ಕೆಯಲ್ಲಿ ಕೆರೆದು. ಉಕ್ಕಿನ ಸ್ಕ್ರಾಪರ್ ಅಲ್ಯೂಮಿನಿಯಂ ಮೇಲೆ ಗೀರು ಹಾಕುತ್ತದೆ, ಆ ಗೀರಿನಲ್ಲೇ ಮತ್ತೆ ಕಾರ್ಬನ್ ಹಿಡಿಯುತ್ತದೆ. ಸೀಲ್ ಬದಲಾಯಿಸದೆ ಬರೀ ಕಾರ್ಬನ್ ತೆಗೆದರೆ ಒಂದೆರಡು ವರ್ಷದಲ್ಲಿ ಮತ್ತೆ ಅದೇ ಕಥೆ.

ಯಜಮಾನರ ಓಮ್ನಿಯ ಕಥೆ ಮುಗಿದಿಲ್ಲ. ಹೆಡ್ ಸೊಟ್ಟಗಾಗಿತ್ತಲ್ಲ, ಲೇತಿನವರ ಹತ್ತಿರ ಫೇಸಿಂಗ್ ಮಾಡಿಸಿದೆ, ಅಂದರೆ ತಳ ಸವೆಸಿ ಸಮ ಮಾಡಿಸಿದೆ. ರೇಡಿಯೇಟರ್ ಹೊಸದು, ಥರ್ಮೋಸ್ಟಾಟ್ ಹೊಸದು, ಕೂಲಂಟ್ ಹಾಕಿದೆ, ಟೈಮಿಂಗ್ ಪುಸ್ತಕದ ಪ್ರಕಾರ ಇಟ್ಟೆ. ನಂದಿ ಬೆಟ್ಟಕ್ಕೆ ಹತ್ತಿಸಿದೆ. ನೀರಿನ ಬಿಸಿ ಸರಿಯಾಗಿತ್ತು. ಕಟಕಟ ಮಾತ್ರ ಮತ್ತೆ ಬಂತು! ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಯಜಮಾನರನ್ನು ಕೇಳಿದೆ, "ಈ ಹೆಡ್ಡು ಮುಂಚೆ ಯಾವಾಗಲಾದರೂ ಇಳಿಸಿದ್ದರಾ?" "ಎರಡು ಸಲ ಇಳಿಸವ್ರೆ" ಅಂದರು. ಎರಡು ಸಲವೂ ಫೇಸಿಂಗ್ ಆಗಿತ್ತು. ನಾನು ಮಾಡಿಸಿದ್ದು ಮೂರನೆಯದು. ಪ್ರತಿ ಸಲ ಹೆಡ್ಡಿನ ತಳ ಸವೆಸಿದಾಗ ಉರಿಯುವ ಜಾಗ ಚಿಕ್ಕದಾಗುತ್ತದೆ, ಕಂಪ್ರೆಷನ್ ಏರುತ್ತದೆ. ಸಿಲಿಂಡರಿಗೆ 265 ಸಿಸಿಯಷ್ಟಿರುವ ಸಣ್ಣ ಇಂಜಿನ್ನಿನಲ್ಲಿ ಒಂದೊಂದು ಕೂದಲೆಳೆಗೂ ಲೆಕ್ಕ ಇದೆ. ಕೊನೆಗೆ ಅಪಘಾತದಲ್ಲಿ ಜಖಂ ಆಗಿದ್ದ ಗಾಡಿಯೊಂದರ ಒಳ್ಳೆಯ ಹೆಡ್ ಗುಜರಿಯಲ್ಲಿ ಸಿಕ್ಕಿತು. ಅದನ್ನು ಹಾಕಿದ ಮೇಲೆ ಸದ್ದು ಹೋಯಿತು. ಆ ಗಾಡಿ ಆಮೇಲೆ ಏಳು ವರ್ಷ ಹೂವು ಹೊತ್ತಿತು. ಅದಕ್ಕೇ ಈಗ ಯಾರೇ ಹಳೆಯ ಗಾಡಿ ಕೊಳ್ಳೋಕೆ ಹೊರಟರೂ ಕೇಳಿ ಅನ್ನುತ್ತೇನೆ: ಹೆಡ್ ಎಷ್ಟು ಸಲ ಫೇಸಿಂಗ್ ಆಗಿದೆ?

ಪ್ಲಗ್ ಬಗ್ಗೆ ಒಂದೆರಡು ಮಾತು. ಪ್ಲಗ್ ಬಿಚ್ಚಿ ಬಿಸಿಲಿನಲ್ಲಿ ಹಿಡಿದು ನೋಡಿ. ಮೂತಿ ತೆಳು ಕಂದು ಬಣ್ಣ ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಲೀನ್ ಅಥವಾ ಅತಿ ಬಿಸಿ. ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಎರಚಿದ ಹಾಗೆ ಕರಿ ಚುಕ್ಕೆ, ಅಥವಾ ಮಿನುಗುವ ಸಣ್ಣ ಲೋಹದ ಹನಿ ಕಂಡರೆ ಗಾಡಿ ಓಡಿಸಬೇಡಿ, ಆ ಹನಿ ನಿಮ್ಮ ಪಿಸ್ಟನ್ನಿನದು. ಪ್ಲಗ್ಗಿನ ನಂಬರ್ ಕೂಡ ನೋಡಿ. ಎನ್‌ಜಿಕೆಯಲ್ಲಿ ನಂಬರ್ ಜಾಸ್ತಿಯಾದಷ್ಟೂ ತಣ್ಣನೆಯ ಪ್ಲಗ್, ಅಂದರೆ ಮೂತಿಯ ಬಿಸಿಯನ್ನು ಬೇಗ ಹೊರಹಾಕುವ ಪ್ಲಗ್. ನಾವು ಇವತ್ತಿಗೂ ಮೈಕೋ ಅನ್ನುವ ಬಾಷ್ ಪ್ಲಗ್ಗಿನಲ್ಲಿ ಇದು ಉಲ್ಟಾ. ಅಂಗಡಿಯವರು "ಇದೂ ಆಗುತ್ತೆ ತಗೊಳ್ಳಿ" ಅಂದರೆ ಥ್ರೆಡ್ ಹೊಂದಬಹುದು, ಬಿಸಿಯ ಲೆಕ್ಕ ಹೊಂದುತ್ತದೆ ಅಂತ ಏನಿಲ್ಲ.

ಎಂಪಿಎಫ್‌ಐ ಗಾಡಿಯವರಿಗೆ ಬೇಗ ಹೇಳಿ ಮುಗಿಸುತ್ತೇನೆ. ನೀರು, ಕಾರ್ಬನ್, ಪ್ಲಗ್ ನಿಮಗೂ ಒಂದೇ. ಅದರ ಮೇಲೆ ಇಂಜೆಕ್ಟರ್ ಕಟ್ಟಿದ್ದರೂ, ಪೆಟ್ರೋಲ್ ಪಂಪ್ ಸೋತಿದ್ದರೂ, ನೀರಿನ ಬಿಸಿ ಹೇಳುವ ಸೆನ್ಸರ್ ಸುಳ್ಳು ಹೇಳುತ್ತಿದ್ದರೂ ನಾಕಿಂಗ್ ಬರಬಹುದು. ಸ್ಕ್ಯಾನರ್ ಇರುವವರ ಹತ್ತಿರ ತೋರಿಸಿ.

ಮುಂದೆ ಕೂತಿರುವ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಇಲ್ಲಿ ಸದ್ದೇ ಬರದ ನಮ್ಮ ಗಾಡಿ ಮಂಗಳೂರಿಗೆ ಹೋದಾಗ ಯಾಕೆ ಬಂತು ಸಾರ್?" ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳ್ಳಗೆ, ಸಿಲಿಂಡರಿಗೆ ತುಂಬುವುದು ಕಮ್ಮಿ, ಒತ್ತಡವೂ ಕಮ್ಮಿ. ಕರಾವಳಿಗೆ ಇಳಿದರೆ ಗಾಳಿ ದಟ್ಟ. ಇಲ್ಲಿ ಅಡಗಿದ್ದ ತೊಂದರೆ ಅಲ್ಲಿ ಬಾಯಿ ಬಿಟ್ಟಿದೆ, ಅಷ್ಟೇ. ಗಾಡಿ ತಂದು ತೋರಿಸಪ್ಪ.

ಬೈಕಿನವರು ಒಬ್ಬರು ತಮ್ಮ ಗಾಡಿಯಲ್ಲೂ ಈ ಸದ್ದು ಬರುತ್ತದೆ, ಏನು ಮಾಡಲಿ ಅಂತ ಕೇಳಿದರು. ನಿಮ್ಮದರಲ್ಲಿ ರೇಡಿಯೇಟರ್ ಇಲ್ಲ, ಆ ಕೆಲಸ ಮಾಡುವುದು ಇಂಜಿನ್ನಿನ ರೆಕ್ಕೆಗಳು. ಹೊಲದ ದಾರಿಯ ಕೆಸರು ಆಯಿಲ್ ಜೊತೆ ಸೇರಿ ರೆಕ್ಕೆಗಳ ನಡುವೆ ಗಾರೆಯಾಗಿರುತ್ತದೆ. ತಣ್ಣಗಾದ ಮೇಲೆ ಕಡ್ಡಿಯಲ್ಲಿ ಕೆರೆದು ತೊಳೆಯಿರಿ. ಎಷ್ಟೋ ಬೈಕಿನ ನಾಕಿಂಗ್ ಅಷ್ಟಕ್ಕೇ ನಿಂತಿದೆ.

ಇವತ್ತು ರಾತ್ರಿಯೇ ಲೋಡ್ ಹಾಕಿಕೊಂಡು ಹೋಗಬೇಕಾದವರು ಇದ್ದೀರಿ ಅಂತ ಗೊತ್ತು. ರಿಪೇರಿ ಆಗುವ ತನಕ ಏರು ಕಂಡ ಕೂಡಲೇ ಗೇರು ಇಳಿಸಿ, ಆಕ್ಸಿಲರೇಟರ್ ಅರ್ಧಕ್ಕಿಂತ ಜಾಸ್ತಿ ಒತ್ತಬೇಡಿ, ನಾಲ್ಕು ಮೂಟೆ ಕಮ್ಮಿ ಹಾಕಿ. ನಾಳೆ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿ ನೋಡಿ. ಬೆರಳಿಗೆ ಬಿಳಿ ಪುಡಿ ಅಂಟಿದರೆ ನೇರವಾಗಿ ಗ್ಯಾರೇಜಿಗೆ ಬನ್ನಿ, ಏಳು ಗಂಟೆಗೆಲ್ಲ ಬಾಗಿಲು ತೆಗೆದಿರುತ್ತೇನೆ.